ಎಡಕ್ಕೆ ವಾಲಿದ ಗೆರೆಗಳು

ಹೇಳಬೇಕೇ, ಬೇಡವೇ? ಈಗ ಹೇಳಿದರೆ ಯಾರಿಗೆ ಉಪಯೋಗ? ಹಾರ್ಲೆಮ್‌ನ ಕಾಲುವೆ ದಂಡೆಯ ಆ ಮನೆಯಲ್ಲಿ, ಏಣಿಯಷ್ಟೇ ಕಡಿದಾದ ಮೆಟ್ಟಿಲುಗಳ ಬುಡದಲ್ಲಿ ನಿಂತು ಸೀಬ್ರಾಂಡ್ ಇದನ್ನೇ ತಿರುತಿರುಗಿ ಕೇಳಿಕೊಳ್ಳುತ್ತಿದ್ದ. ಬೆಳಿಗ್ಗೆ ಕ್ವಿರೈನ್ ಹೋಖ್‌ಲಾಂಡ್ ಅಲ್ಲೇ ಸತ್ತು ಬಿದ್ದಿದ್ದರು. ನಲವತ್ತು ವರ್ಷಗಳಿಂದ ಹಳೆಯ ಡಚ್ ರೇಖಾಚಿತ್ರಗಳನ್ನು ಕೂಡಿಡುತ್ತಿದ್ದ ಮುದುಕ. ಆ ಚಿತ್ರಗಳಿಗೆ ಒಂದೊಂದಾಗಿ ವಿವರದ ಕಾರ್ಡು ಬರೆಯುವುದು ಒಂದು ವರ್ಷದಿಂದ ಸೀಬ್ರಾಂಡ್‌ನ ಕೆಲಸವಾಗಿತ್ತು.

ಪೊಲೀಸರಿಗೆ ಮುದುಕನ ತಂಗಿಯ ಮಗಳು ಲೈಸ್ಬೆತ್ ಮೇಲೆ ಅನುಮಾನ. ಮನೆಯ ಇನ್ನೊಂದು ಬೀಗದ ಕೈ ಇದ್ದದ್ದು ಅವಳ ಹತ್ತಿರ, ಆಸ್ತಿ ಬರುವುದೂ ಅವಳಿಗೇ. ಅವಳು ಅಳುತ್ತಾ ಕೂತಿದ್ದನ್ನು ನೋಡಲಾಗದೆ ಸೀಬ್ರಾಂಡ್ ತನ್ನ ಬಾಡಿಗೆ ಕೋಣೆಯ ಮೇಲಿನ ಮಹಡಿಯಲ್ಲಿದ್ದ ಗ್ರೀಟ್ ಪೋಸ್ಟ್‌ಮಾರನ್ನು ಕರೆತಂದಿದ್ದ. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರೂ ಇಂಥ ಗಂಟುಗಳನ್ನು ಬಿಚ್ಚಲು ಊರಿನವರು ಹುಡುಕಿಕೊಂಡು ಬರುತ್ತಿದ್ದದ್ದು ಅವರನ್ನೇ.

"ಏನಯ್ಯಾ, ಸತ್ತೋರ ಕೈಯಲ್ಲಿ ಏನಿತ್ತು?" ಎಂದು ಗ್ರೀಟ್ ಕೇಳಿದರು.

"ಭೂತಗನ್ನಡಿ, ಮೇಡಂ. ಬಿಗಿಯಾಗಿ ಹಿಡ್ಕೊಂಡಿದ್ರು."

"ಈ ಮೆಟ್ಟಿಲು ಹೇಗೆ ಇಳೀತಿದ್ರು, ತೋರಿಸು."

ಸೀಬ್ರಾಂಡ್ ಮೇಲೆ ಹತ್ತಿ, ಹಿಂದಕ್ಕೆ ತಿರುಗಿ, ಆಸರೆಗೆಂದು ಮೇಲಿಂದ ಇಳಿಬಿಟ್ಟಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಹಿಮ್ಮುಖವಾಗಿ ಇಳಿದ.

"ಸಾಮಾನು?"

"ಬುಟ್ಟೀಲಿಟ್ಟು ಇಳಿಬಿಡ್ತಿದ್ರು."

"ಹಾಗಾದ್ರೆ ಕೈಯಲ್ಲಿ ಭೂತಗನ್ನಡಿ ಹಿಡ್ಕೊಂಡು ಮನುಷ್ಯ ಇಳೀತಿರಲಿಲ್ಲ. ಮೇಲೆ ನಿಂತಿದ್ದೋರನ್ನ ಯಾರೋ ತಳ್ಳಿದ್ದಾರೆ."

ಮೇಲಿನ ಕೋಣೆಯ ಮೇಜಿನ ಮೇಲೆ ಒಂದೇ ಚಿತ್ರವಿತ್ತು, ಕಪ್ಪು ಸೀಮೆಸುಣ್ಣದಲ್ಲಿ ಬರೆದ ಬೆಸ್ತರ ಗುಡಿಸಲು. ಪಕ್ಕದಲ್ಲಿ ಸೀಬ್ರಾಂಡ್ ಹಿಂದಿನ ಚಳಿಗಾಲದಲ್ಲಿ ಬರೆದ ಕಾರ್ಡು.

"'ನೆರಳಿನ ಗೆರೆಗಳು ಬಲಕ್ಕೆ ವಾಲಿವೆ' ಅಂತ ಬರ್ದಿದೀಯ. ಇಲ್ಲಿ ನೋಡಿದ್ರೆ ಎಡಕ್ಕಿವೆ. ಕುಡಿದು ಬರೆದೆಯಾ?"

"ಇಲ್ಲ ಮೇಡಂ. ಆಗ ಬಲಕ್ಕೇ ಇದ್ದವು."

ಗ್ರೀಟ್ ಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಚಿತ್ರಗಳು ಹೊರಗೆ ಹೋಗಿ ಬಂದದ್ದನ್ನು ಬರೆದಿಡುವ ಪುಸ್ತಕ ತೆಗೆದರು. ಗುಡಿಸಲಿನ ಚಿತ್ರ ಮನೆ ಬಿಟ್ಟದ್ದು ಒಂದೇ ಸಲ. ಮಾರ್ಚ್‌ನಲ್ಲಿ, ಹರಿದ ಮೂಲೆಯ ರಿಪೇರಿಗೆಂದು, ಹಳೆಯ ಕಾಗದ ಸರಿಮಾಡುವ ರೂಲೋಫ್‌ನ ಬಳಿ ಮೂರು ವಾರ ಇತ್ತು. ರೂಲೋಫ್ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದ್ದ.

"ಎಡಕ್ಕೆ ವಾಲೋ ಗೆರೆ ಎಡಗೈಯವರದು. ಆದ್ರೆ ರೂಲೋಫ್ ಬಲಗೈಯಲ್ಲಿ ಬರೀತಾರೆ, ಮೇಡಂ. ಎಡಚಿ ಅಂದ್ರೆ ಲೈಸ್ಬೆತ್ ಒಬ್ಬಳೇ."

"ಗೊತ್ತು. ನಾಳೆ ಎಲ್ಲರಿಗೂ ಕಾಫಿ ಕೊಡೋಣ."

ಮರುದಿನ ಮಧ್ಯಾಹ್ನ ಇನ್‌ಸ್ಪೆಕ್ಟರ್, ಲೈಸ್ಬೆತ್, ಅರವತ್ತರ ರೂಲೋಫ್ ಮೂವರೂ ಬಂದು ಕೂತರು. ಗ್ರೀಟ್ ಜೇನಿನ ಕೇಕನ್ನೂ ಚಾಕುವನ್ನೂ ರೂಲೋಫ್‌ನ ಮುಂದೆ ಸರಿಸಿದರು. "ನಿಮ್ಮ ಕೈ ಸೂಕ್ಷ್ಮ. ನೀವೇ ಕತ್ತರಿಸಿ. ನಾನು ಕತ್ತರಿಸಿದ್ರೆ ಗೋಡೆ ಇಟ್ಟಿಗೆ ಥರ ಆಗುತ್ತೆ."

ಎಲ್ಲರೂ ನಕ್ಕರು. ರೂಲೋಫ್ ಎಡಗೈಯಲ್ಲಿ ಚಾಕು ಹಿಡಿದು ತೆಳ್ಳಗೆ, ಒಂದೇ ಅಳತೆಗೆ ಕತ್ತರಿಸಿದ.

"ಬಲಗೈಯವರು ನೆರಳು ಹಾಕಿದ್ರೆ ಗೆರೆ ಬಲಕ್ಕೆ ವಾಲುತ್ತೆ, ಎಡಗೈಯವರದು ಎಡಕ್ಕೆ," ಎಂದರು ಗ್ರೀಟ್. "ಮೇಜಿನ ಮೇಲಿರೋದು ಎಡಗೈಯವರು ಮಾಡಿದ ನಕಲು. ಇಂಥ ನಕಲು ಮಾಡೋಕೆ ಮೂಲಚಿತ್ರ ದಿನಗಟ್ಟಲೆ ಕಣ್ಣೆದುರು ಇರಬೇಕು. ಕ್ವಿರೈನ್ ದಿನಾ ಪೆಟ್ಟಿಗೆ ತೆಗೆದು ನೋಡೋರು. ಲೈಸ್ಬೆತ್ ಕೈಗೆ ಒಂದು ದಿನಾನೂ ಸಿಗ್ತಿರಲಿಲ್ಲ. ನಿಮ್ಮ ಹತ್ರ ಮೂರು ವಾರ ಇತ್ತು, ರೂಲೋಫ್."

ರೂಲೋಫ್ ಚಾಕುವನ್ನು ಮೆಲ್ಲಗೆ ಕೆಳಗಿಟ್ಟ. "ಶಾಲೇಲಿ ಹೊಡೆದು ಹೊಡೆದು ಬರೆಯೋ ಕೈನ ಬದಲಾಯಿಸಿದ್ರು. ಮಿಕ್ಕಿದ್ದನ್ನ ಯಾರೂ ಕೇಳಲಿಲ್ಲ."

"ಮೂಲಚಿತ್ರ ಎಲ್ಲಿ?"

"ಮನೇಲಿದೆ. ಮಾರಲಿಲ್ಲ. ದಿನಾ ನೋಡ್ತಿದ್ದೆ, ಅಷ್ಟೆ. ಮೊನ್ನೆ ರಾತ್ರಿ ಕ್ವಿರೈನ್ ಕರೆಸಿ, ಒಂದೊಂದೇ ಗೆರೆ ತೋರಿಸಿದ. ಊರಿಗೆಲ್ಲ ಹೇಳ್ತೀನಿ ಅಂತ ಎದ್ದ. ಮೆಟ್ಟಿಲ ತುದೀಲಿ ನಿಂತಿದ್ದ. ತಳ್ಳಿಬಿಟ್ಟೆ."

ಇನ್‌ಸ್ಪೆಕ್ಟರ್ ಎದ್ದು ನಿಂತರು. ಲೈಸ್ಬೆತ್ ಕಣ್ಣೊರೆಸಿಕೊಂಡಳು. "ಮಾವನಿಗೆ ಹೇಗೆ ಗೊತ್ತಾಯ್ತು? ಕಣ್ಣು ಮಂಜಾಗಿತ್ತಲ್ಲ. ಏಪ್ರಿಲ್‌ನಿಂದ ಆ ನಕಲನ್ನೇ ನೋಡ್ತಿದ್ರು."

"ಕಾರ್ಡಿನ ಮೂಲೇಲಿ ಯಾರೋ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಳಿಸಿದ್ದಾರಮ್ಮ," ಎಂದರು ಗ್ರೀಟ್. "ಸೀಸ ಹೋದರೂ ಒತ್ತಿದ ಗುರುತು ಉಳಿದಿದೆ. ಅದು ಬೆರಳಿಗೆ ಸಿಕ್ಕಿರಬೇಕು. ಆಗಲೇ ಭೂತಗನ್ನಡಿ ತಗೊಂಡಿದ್ದಾರೆ. ಹಾಕಿದೋರು ಅಳಿಸೋ ಬದಲು ಬಾಯಿಬಿಟ್ಟು ಹೇಳಿದ್ರೆ, ಆತ ಒಂಟಿಯಾಗಿ ರೂಲೋಫ್‌ನ ಎದುರಿಸ್ತಿರಲಿಲ್ಲ."

ಯಾರು ಹಾಕಿದ್ದು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಗ್ರೀಟ್ ಕಾಫಿ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. ಸೀಬ್ರಾಂಡ್‌ನ ಕಡೆ ನೋಡಲಿಲ್ಲ. "ಅದು ನನಗೆ ಬೇಕಾಗಿಲ್ಲ," ಎಂದರು.

ವಾರದ ನಂತರ ಮೂಲಚಿತ್ರ ಪೆಟ್ಟಿಗೆಗೆ ಮರಳಿತು. ಸೀಬ್ರಾಂಡ್ ಅದಕ್ಕೆ ಹೊಸ ಕಾರ್ಡು ಬರೆದ, ನಕಲಿಗೆ ಬೇರೊಂದು. ಲೈಸ್ಬೆತ್ ಅವನ ಕೈ ಹಿಡಿದು, "ಮಾವನಿಗೆ ನಿಮ್ಮ ಮೇಲೆ ತುಂಬ ನಂಬಿಕೆ ಇತ್ತು," ಎಂದಳು.

ಏಪ್ರಿಲ್‌ನಲ್ಲಿ ಆ ಚಿಹ್ನೆ ಹಾಕಿದ್ದೂ, ತನ್ನದೇ ತಪ್ಪೆಂದು ಕೆಲಸ ಹೋದೀತೆಂದು ಹೆದರಿ ಅಳಿಸಿದ್ದೂ ತಾನೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.