ಒಂದು ಮಾರು ಕಡಿಮೆ

ಹಗ್ಗ ಮತ್ತೆ ನೀರಿಗೆ ಬಿತ್ತು.

ಜೆಟ್ಟಿಯ ಅಂಚಿನಲ್ಲಿ ಕೈ ಚಾಚಿ ನಿಂತಿದ್ದವಳಿಗೆ ಸರಿಯಾಗಿ ಒಂದು ಮಾರು ದೂರದಲ್ಲಿ, ಅದರ ತುದಿಯ ದಪ್ಪ ಗಂಟು ದುಡುಂ ಎಂದು ಬಿದ್ದು ಮುಳುಗಿತು. ಅವಳು ಚಾಚಿದ ಕೈಯನ್ನು ತೆಗೆದು ಸೊಂಟದ ಮೇಲಿಟ್ಟುಕೊಂಡಳು.

"ಏನ್ರೀ ಇದು? ಬೆಳಿಗ್ಗೆ ತಿಂಡಿ ತಿಂದಿಲ್ವಾ?"

"ತಿಂದಿದ್ದೀನಿ ಮೇಡಂ."

"ಹಾಗಾದ್ರೆ ಎಲ್ಲಿಗೆ ಹೋಯ್ತು ಅದು? ತೋಳಿಗಂತೂ ಹೋಗಿಲ್ಲ."

ಲಾಂಚಿನ ತುಂಬ ನಿಂತಿದ್ದ ಪ್ರಯಾಣಿಕರು ನಕ್ಕರು. ಅವನೂ ನಕ್ಕ. ಒದ್ದೆ ಹಗ್ಗವನ್ನು ಎಳೆದು, ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಸುರುಳಿ ಸುತ್ತುತ್ತ ಅವಳನ್ನು ನೋಡಿದ. ಗಾಳಿಗೆ ಅವಳ ಮುಂಗುರುಳಿನ ಒಂದು ಎಳೆ ತುಟಿಯಂಚಿಗೆ ಅಂಟಿಕೊಂಡಿತ್ತು. ಕೈಗೆ ಗ್ಲೌಸ್ ಇದ್ದುದರಿಂದ ಅದನ್ನು ತೆಗೆಯಲಾರದೆ ಅವಳು ಉಫ್ ಎಂದು ಊದಿದಳು. ಅದು ಹಾರಿತು, ಮತ್ತೆ ಬಂದು ಅಲ್ಲೇ ಕುಳಿತಿತು. ಈ ಹಗ್ಗ ಸುತ್ತಿ ಮುಗಿಯದಿರಲಿ ಎಂದು ಅವನು ದೇವರನ್ನು ಬೇಡಿಕೊಂಡ. ಆದರೆ ಹದಿನೈದು ಮಾರು ಹಗ್ಗವನ್ನು ಎಷ್ಟು ಹೊತ್ತು ತಾನೇ ಸುತ್ತಬಹುದು?

ಎರಡನೆಯ ಸಲ ಎಸೆದಾಗ ಅದು ಅವಳ ಅಂಗೈಗೇ ಬಂದು ಬಿದ್ದಿತು. ಆ ಸಣ್ಣ ಹಗ್ಗವನ್ನು ಎಳೆದರೆ ಅದರ ಬಾಲಕ್ಕೆ ಕಟ್ಟಿದ ದಪ್ಪ ಹಗ್ಗ ಬರುತ್ತದೆ. ದಪ್ಪ ಹಗ್ಗದ ಕುಣಿಕೆಯನ್ನು ಕಬ್ಬಿಣದ ಗೂಟಕ್ಕೆ ಹಾಕಿದರೆ ಲಾಂಚು ದಡಕ್ಕೆ ನಿಲ್ಲುತ್ತದೆ. ಅವಳು ಇಷ್ಟನ್ನೂ ಅವನ ಮುಖ ನೋಡದೆ ಮಾಡಿದಳು.

ಅವನು ಈ ಲಾಂಚಿಗೆ ಬಂದು ಒಂದೂವರೆ ವರ್ಷವಾಗಿತ್ತು. ದ್ವೀಪದವರು ಅವನನ್ನು ಆಚೆದಡದವನು ಎನ್ನುತ್ತಿದ್ದರು. ಅವಳು ಎಲ್ಲರಿಗೂ ಜೆಟ್ಟಿ ಮೇಡಂ. ಜೆಟ್ಟಿಯಲ್ಲಿ ಹಗ್ಗ ಹಿಡಿಯುವ ಕೆಲಸಕ್ಕೆ ಸೇರಿದ ಮೊದಲ ಹೆಣ್ಣು ಅವಳೇ. ಸೇರಿದ ದಿನ ಊರೆಲ್ಲ ನೋಡಲು ಬಂದಿತ್ತಂತೆ.

ಲಾಂಚು ದಿನಕ್ಕೆ ನಾಲ್ಕು ಸಲ ಬಂದು, ಪ್ರತಿ ಸಲ ಒಂಬತ್ತು ನಿಮಿಷ ನಿಲ್ಲುತ್ತಿತ್ತು. ಮನಸ್ಸಿನ ಮಾತು ಹೇಳಲು ಅಷ್ಟು ಸಾಲದೇ ಎಂದು ಕೇಳುವವರು ಆ ಒಂಬತ್ತು ನಿಮಿಷ ಅಲ್ಲಿ ನಿಂತು ನೋಡಬೇಕು. ಜನ ಇಳಿಯಲು ಹಲಗೆ ಹಾಕಬೇಕು. ಅಜ್ಜಿಯರ ಕೈ ಹಿಡಿದು ಇಳಿಸಬೇಕು. ಮೊಟ್ಟೆಯ ಟ್ರೇ, ಔಷಧಿಯ ಡಬ್ಬ, ಗ್ಯಾಸ್ ಸಿಲಿಂಡರು ಇಳಿಸಬೇಕು.

"ಸಿಲಿಂಡರ್ ಎಷ್ಟು?" ಎಂದು ಅವಳು ಕೇಳುವಳು.

"ಹನ್ನೆರಡು," ಎನ್ನುವನು ಅವನು.

ಹನ್ನೆರಡು ಎಂಬ ಮಾತಿನೊಳಗೆ ಎಷ್ಟು ಪ್ರೀತಿಯನ್ನು ತುರುಕಲು ಸಾಧ್ಯ? ಅವನು ತುರುಕಿ ನೋಡಿದ್ದ. ಅವಳು "ಗಟ್ಟಿಯಾಗಿ ಹೇಳ್ರೀ" ಎಂದಿದ್ದಳು.

ರಾತ್ರಿ ಲಾಂಚು ತಂಗುವುದು ಆಚೆ ದಡದಲ್ಲಿ. ವಾರದ ರಜೆ ಲಾಂಚಿಗೂ ಅವನಿಗೂ ಒಂದೇ ದಿನ. ಒಂದು ಸಲ ಧೈರ್ಯ ಮಾಡಿ ಫೋನ್ ಮಾಡಿದ್ದ. "ಯಾರು, ಲಾಂಚಿನವರಾ? ಎಷ್ಟು ತಡ ಅಂತೆ?" ಎಂದು ಕೇಳಿದಳು. "ತಡ ಇಲ್ಲ" ಎಂದ. "ಹಾಗಾದ್ರೆ ಯಾಕೆ ಫೋನು?" ಎಂದು ಇಟ್ಟೇಬಿಟ್ಟಳು.

ಹೀಗಿರುವಾಗ ಮೂರು ತಿಂಗಳ ಹಿಂದೆ ಒಂದು ದಿನ ಅಡ್ಡಗಾಳಿಗೆ ಸಿಕ್ಕಿ ಹಗ್ಗ ನಿಜವಾಗಿಯೂ ಗುರಿ ತಪ್ಪಿತು. ಮತ್ತೆ ಸುತ್ತಿ ಎಸೆಯುವವರೆಗೆ ಒಂದೂವರೆ ನಿಮಿಷ ಯಾರಿಗೂ ಕೆಲಸವಿರಲಿಲ್ಲ. ಹಲಗೆಯಿಲ್ಲ, ಸಿಲಿಂಡರಿಲ್ಲ, ಅಜ್ಜಿಯರಿಲ್ಲ. ನಡುವೆ ಹತ್ತು ಮಾರು ನೀರು, ಆಚೆ ಅವಳು, ಈಚೆ ಇವನು. ಅವಳು ಅವನನ್ನು ಬೈದಳು. ಬೈದು ಮುಗಿಸುವಾಗ ಅವಳಿಗೇ ನಗು ಬಂತು. ಅವನಿಗೆ ಅಷ್ಟು ಸಾಕಾಯಿತು. ಅಂದಿನಿಂದ ದಿನಕ್ಕೊಂದು ಸಲ, ಆಸೆ ಹೆಚ್ಚಾದ ದಿನ ಎರಡು ಸಲ, ಅವನ ಹಗ್ಗ ಒಂದು ಮಾರು ಕಡಿಮೆ ಬೀಳತೊಡಗಿತು.

ಬೇರೆ ಊರಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ಇದು ಒಂದು ಕಾಲಕ್ಕೆ ಹಾಯಿಹಡಗುಗಳ ಊರು. ದೊಡ್ಡ ಮನೆಗಳ ಮಾಡಿನ ಮೇಲೆ ಈಗಲೂ ಗಾಜಿನ ಚಿಕ್ಕ ಕೋಣೆಗಳಿವೆ. ಮರಳದ ಹಡಗುಗಳಿಗಾಗಿ ಹೆಂಗಸರು ಅಲ್ಲಿ ಕೂತು ಕಣ್ಣು ಸವೆಸಿದ್ದರು. ಈಗ ಆ ಮನೆಗಳು ಲಾಡ್ಜುಗಳು. ಆ ಕೋಣೆಗಳ ಕೆಳಗೆ 'ಸಮುದ್ರ ಕಾಣುವ ರೂಮು' ಎಂದು ಬೋರ್ಡು ತೂಗುತ್ತದೆ. ಇಡೀ ಕಡಲಿನಲ್ಲಿ ಊರಿನ ಪಾಲಿಗೆ ಉಳಿದದ್ದು ಈ ಒಂದು ಲಾಂಚು, ಅದರ ಒಂದು ಹಗ್ಗ. ಆದ್ದರಿಂದ ಜನ ಅದನ್ನು ಕ್ರಿಕೆಟ್ ನೋಡುವಂತೆ ನೋಡುತ್ತಿದ್ದರು. ಜೆಟ್ಟಿಯ ಬೆಂಚಿನ ಮೇಲೆ ದಿನವಿಡೀ ಕೂರುತ್ತಿದ್ದ ಎಂಬತ್ತೆಂಟರ ಕಪ್ತಾನಜ್ಜ ಪ್ರತಿ ಎಸೆತಕ್ಕೂ ತೀರ್ಪು ಕೊಡುತ್ತಿದ್ದ.

"ಗಾಳಿ ಜಾಸ್ತಿ ಇತ್ತು ಅಜ್ಜಾ," ಎಂದು ಇವನು ಹೇಳಿದರೆ, "ಹೌದೌದು. ಕುಣಿಯೋಕೆ ಬಾರದವಳಿಗೆ ನೆಲ ಡೊಂಕು, ಎಸೆಯೋಕೆ ಬಾರದವನಿಗೆ ಗಾಳಿ ಡೊಂಕು," ಎನ್ನುತ್ತಿದ್ದ.

ಊರು ನಕ್ಕಿತು. ಅವನು ಗಮನಿಸದೆ ಹೋದದ್ದೆಂದರೆ, ಊರು ಇಬ್ಬರನ್ನೂ ನೋಡಿ ನಗುತ್ತಿತ್ತು. ಹೆಂಗಸು ಹಿಡಿಯಲು ನಿಂತ ಮೇಲೆ ಹಗ್ಗಕ್ಕೂ ನಾಚಿಕೆ ಬಂದಿದೆ ಎಂದು ಯಾರೋ ಹೋಟೆಲಿನಲ್ಲಿ ಹೇಳಿದ ಮಾತು ಅವಳ ಕಿವಿಗೂ ಮುಟ್ಟಿತ್ತು.

ಬಂದರು ಕಚೇರಿಯಿಂದ ಕಾಗದ ಬಂತು. ಅವಳು ಬರೆದು ಕೊಟ್ಟ ದೂರು. 'ಈತನಿಗೆ ಕೆಲಸ ಬಾರದು, ಇಲ್ಲವೇ ನಾನು ಹೆಣ್ಣೆಂದು ಬೇಕಂತಲೇ ಆಟವಾಡಿಸುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಅಪಾಯವೇ.' ಅಕ್ಷರ ದುಂಡಗಿತ್ತು. ಅವಳು ಅವನ ವಿಷಯವಾಗಿ ಬರೆದ ಮೊದಲ ಕಾಗದ ಅದು. ಅವನು ಅದನ್ನು ನಾಲ್ಕು ಸಲ ಓದಿದ.

ಮರುದಿನ ಮಧ್ಯಾಹ್ನ ಎರಡಕ್ಕೆ ವಿಚಾರಣೆ. ಕಚೇರಿಯ ಗೋಡೆಯ ಮೇಲೆ ಹಡಗು ನಡೆಸಿದವರ ಹೆಸರು ಕೆತ್ತಿದ ಮರದ ಹಲಗೆಗಳಿದ್ದವು. ಮೂರನೆಯ ಸಾಲಿನಲ್ಲಿ ಅವಳ ಮುತ್ತಜ್ಜನ ಹೆಸರು. ಇವನ ಅಪ್ಪ ಬಸ್ಸು ರಿಪೇರಿ ಮಾಡುತ್ತಿದ್ದವನು. ಅವಳು ಆ ಹಲಗೆಯ ಕೆಳಗೇ ಕೂತಿದ್ದಳು. ಇವನ ಕಡೆ ಒಂದು ಸಲವೂ ತಿರುಗಲಿಲ್ಲ.

"ಬೇಗ ಮುಗಿಸೋಣ," ಎಂದರು ಬಂದರು ಅಧಿಕಾರಿ. "ನಾಳೆಯಿಂದ ಲಾಂಚು ತಳದ ಪಾಚಿ ಕೆರೆಸೋಕೆ ಹೋಗುತ್ತೆ, ಎಂಟು ದಿನ ಬರಲ್ಲ. ಏನಪ್ಪಾ, ಕೆಲಸ ಬರಲ್ವಾ, ಇಲ್ಲಾ ಬೇಕಂತ ಮಾಡಿದ್ಯಾ?"

ಬರುವುದಿಲ್ಲ ಎಂದರೆ ಹಗ್ಗ ಬಿಟ್ಟು ಇಂಜಿನ್ ಕೋಣೆಗೆ ಇಳಿಯಬೇಕು. ಅಲ್ಲಿ ಕಿಟಕಿಯೂ ಇಲ್ಲ, ಅವಳ ಮುಖ ಕಾಣುವುದು ಅಂದಿಗೆ ಮುಗಿಯಿತು. ಬೇಕೆಂದೇ ಮಾಡಿದೆ ಎಂದರೆ ಅಮಾನತು. ಅತ್ತ ದರಿ, ಇತ್ತ ಪುಲಿ.

ಬಾಗಿಲಲ್ಲಿ ನಿಂತಿದ್ದ ಕಪ್ತಾನಜ್ಜ ಕೆಮ್ಮಿದ. "ಬಾಯಿ ಯಾಕೆ ಕೇಳ್ತೀರಿ? ಕೈ ಕೇಳಿ. ಹತ್ತು ಸಲ ಎಸೆದು ತೋರಿಸ್ಲಿ."

ಎಲ್ಲರೂ ಜೆಟ್ಟಿಗೆ ಬಂದರು. ವಿಚಾರಣೆಗಾಗಿ ಅಂದು ನಾಲ್ಕರವರೆಗೆ ಅಲ್ಲೇ ಉಳಿದಿದ್ದ ಲಾಂಚನ್ನು ಹತ್ತು ಮಾರು ಆಚೆಗೆ ತಂದು ನಿಲ್ಲಿಸಿದರು. ಅವಳು ಗ್ಲೌಸ್ ಹಾಕಿಕೊಂಡು ಅಂಚಿಗೆ ಬಂದು ಕೈ ಚಾಚಿದಳು. ಅವನು ಹಗ್ಗ ಸುತ್ತಿಕೊಂಡು ನಿಂತ. ಇಂಜಿನ್ ಕೋಣೆಯೇ ಇರಲಿ, ಕೆಲಸವಾದರೂ ಉಳಿಯುತ್ತದೆ, ಕಡಿಮೆ ಎಸೆದುಬಿಡೋಣ ಎಂದುಕೊಂಡ.

ಆಗ ಅವಳ ಮುಖ ಕಂಡಿತು. ಅವಳು ಉಸಿರು ಹಿಡಿದಿದ್ದಳು. ಮೂರು ತಿಂಗಳಿಂದ ಹಗ್ಗ ಬಿದ್ದ ಮೇಲಿನ ಅವಳ ಮುಖವನ್ನೇ ನೋಡಿ ಸುಖಪಟ್ಟವನು, ಹಗ್ಗ ಕೈಬಿಡುವ ಮುಂಚಿನ ಮುಖವನ್ನು ನೋಡಿರಲಿಲ್ಲ. ಬಣ್ಣವೇ ಇರಲಿಲ್ಲ ಅದರಲ್ಲಿ. ಅದು ಸಿಟ್ಟಿನ ಮುಖವಲ್ಲ, ಹೆದರಿದ ಮುಖ. ಯಾಕೆಂದು ತಿಳಿಯಲಿಲ್ಲ. ಆದರೆ ಆ ಮುಖಕ್ಕೆ ಸುಳ್ಳು ಎಸೆಯಲು ಅವನ ತೋಳು ಒಪ್ಪಲಿಲ್ಲ.

ಎಸೆದ. ಗಂಟು ಅವಳ ಅಂಗೈಗೆ ಬಂದು ಬಿದ್ದಿತು. ಎರಡನೆಯದೂ ಬಂತು, ಐದನೆಯದೂ ಬಂತು. ಎಂಟನೆಯದಕ್ಕೆ ಕಪ್ತಾನಜ್ಜ ಟೋಪಿ ತೆಗೆದ. ಹತ್ತನೆಯದಕ್ಕೆ ಅವಳು ಕೈಯನ್ನು ಒಂದಿಷ್ಟೂ ಅಲ್ಲಾಡಿಸಬೇಕಾಗಲಿಲ್ಲ.

"ಹಾಗಾದರೆ ಬೇಕಂತಲೇ," ಎಂದರು ಅಧಿಕಾರಿ. "ಯಾಕೆ?"

"ಸಾರ್, ಹಗ್ಗ ನೀರಿಗೆ ಬಿದ್ರೆ ಒಂದೂವರೆ ನಿಮಿಷ ಸಿಗುತ್ತೆ."

"ಏನಕ್ಕೆ?"

"ಇವರ ಜೊತೆ ಮಾತಾಡೋಕೆ."

ಜೆಟ್ಟಿಯ ಮೇಲೆ ಯಾರೋ ಕಿಸಕ್ಕೆಂದರು. ಅವನು ಲಾಂಚಿನ ಕಟಕಟೆ ಹಿಡಿದು ಉಳಿದದ್ದನ್ನೂ ಹೇಳಿದ. ಎಸೆದಾಗಿತ್ತು, ಇನ್ನು ಹಿಂದಕ್ಕೆ ಎಳೆಯುವಂತಿರಲಿಲ್ಲ. "ಇವರನ್ನ ಮದುವೆ ಆಗ್ತೀರಾ ಅಂತ ಕೇಳ್ಬೇಕಿತ್ತು ಸಾರ್. ಒಂಬತ್ತು ನಿಮಿಷ ಸಾಲ್ತಿರಲಿಲ್ಲ."

ಎಲ್ಲರೂ ಅವಳತ್ತ ತಿರುಗಿದರು. ಅವಳು ನಗಲಿಲ್ಲ. ಕೈಯಲ್ಲಿದ್ದ ಹಗ್ಗವನ್ನು ಕೆಳಗೆ ಹಾಕಿದಳು.

"ನಮ್ಮಣ್ಣ ಇದೇ ನೀರಲ್ಲಿ ಹೋದ," ಎಂದಳು. ಧ್ವನಿ ಸಣ್ಣದಾಗಿತ್ತು, ಆದರೂ ಲಾಂಚಿನವರೆಗೆ ಕೇಳಿತು. "ನಾಲ್ಕು ವರ್ಷ ಆಯ್ತು. ಸಾಮಾನಿನ ದೋಣಿಯಿಂದ ಬಿದ್ದಿದ್ದ. ಮೂರು ಸಲ ಹಗ್ಗ ಎಸೆದ್ರು. ಮೂರು ಸಲಾನೂ ಮುಟ್ಟಲಿಲ್ಲ. ನಾನು ಇಲ್ಲೇ, ಈ ಗೂಟದ ಹತ್ರ ನಿಂತಿದ್ದೆ. ಇನ್ಮೇಲೆ ಈ ಜೆಟ್ಟಿಗೆ ಬಂದ ಒಂದು ಹಗ್ಗಾನೂ ಬಿಡಲ್ಲ ಅಂತ ಈ ಕೆಲಸ ಕೇಳ್ಕೊಂಡು ಸೇರಿದ್ದು. ನೀವು ದಿನಾ ಅದನ್ನ ನನ್ನ ಕಣ್ಣೆದುರಿಗೆ ಮುಳುಗಿಸಿದ್ರಿ. ಮಾತಾಡೋಕೆ!"

ದೇವರು ಕರೆದುಕೊಂಡವರನ್ನು ಮರಳಿ ಕೊಡುವುದಿಲ್ಲ. ಉಳಿದವರ ಕೈಗೆ ಒಂದು ಕೆಲಸ ಕೊಡುತ್ತಾನೆ, ಅದನ್ನು ಹಿಡಿದುಕೊಂಡು ಅವರು ದಿನ ಕಳೆಯುತ್ತಾರೆ. ಆ ಕೆಲಸವನ್ನೇ ತಾನು ಆಟ ಮಾಡಿಕೊಂಡಿದ್ದೆನಲ್ಲ ಎಂದು ಅವನ ತಲೆ ತಗ್ಗಿತು. ಅವಳ ಅಣ್ಣ ಕಡಲಿನ ಪಾಲಾದವನೆಂದು ಅವನು ಕೇಳಿದ್ದ. ಹೇಗೆ ಎಂದು ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. "ದೂರು ವಾಪಸ್ ತಗೋತೀಯೇನಮ್ಮಾ?"

"ಇಲ್ಲ ಸಾರ್."

"ತಗೋಬಾರದು ಸಾರ್," ಎಂದ ಅವನು. "ಅವರು ಬರೆದದ್ದು ಸರಿಯಾಗಿದೆ."

ಒಂದು ತಿಂಗಳು ಅಮಾನತು ಎಂದು ಬರೆದರು. ಮಾಡಿದ್ದುಣ್ಣೋ ಮಹಾರಾಯ.

ನಾಲ್ಕರ ಲಾಂಚಿಗೆ ಮುಕ್ಕಾಲು ಗಂಟೆಯಿತ್ತು. ಅವನು ಟಿಕೆಟ್ ತೆಗೆದುಕೊಂಡು ಕಚೇರಿಯ ಮೆಟ್ಟಿಲ ಮೇಲೆ ಕೂತ. ಒಂದೂವರೆ ವರ್ಷದಲ್ಲಿ ಮೊದಲ ಸಲ ಅವನಿಗೆ ದ್ವೀಪದಲ್ಲಿ ಮಾಡಲು ಕೆಲಸವಿರಲಿಲ್ಲ. ಈಗ ಹೇಳಲು ಮಾತೂ ಇರಲಿಲ್ಲ. ಅವಳು ಬಂದು ಎರಡು ಮೆಟ್ಟಿಲು ಮೇಲೆ ನಿಂತಳು.

"ತಪ್ಪಾಯ್ತು," ಎಂದ.

"ಆಯ್ತು. ಅದನ್ನ ಎಲ್ಲರೆದುರಿಗೆ ಒಪ್ಕೊಂಡ್ರಿ, ಮುಗೀತು." ಅವಳು ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದಳು. "ನನ್ನ ಸಿಟ್ಟು ಇನ್ನೂ ಒಂದಿದೆ. ಒಂದು ಟಿಕೆಟಿನ ಹಿಂದೆ ಒಂದು ಸಾಲು ಬರೆದು ಕೊಡೋಕೆ ಎಷ್ಟು ಹೊತ್ತು ಬೇಕಿತ್ರೀ?"

ಅದು ಅವನಿಗೆ ಹೊಳೆದೇ ಇರಲಿಲ್ಲ.

"ಹೊಳೀಲಿಲ್ಲ," ಎಂದ.

"ಹೊಳೀಲಿಲ್ಲವಂತೆ!" ಅವಳು ಹಣೆಗೆ ಕೈ ಒತ್ತಿಕೊಂಡಳು. "ಫೋನ್ ಮಾಡಿದ್ರಿ. ನಾನು ಇಟ್ಟ ಮೇಲೆ ಅಲ್ಲೇ ಹತ್ತು ನಿಮಿಷ ಕೂತಿದ್ದೆ, ಮತ್ತೆ ಮಾಡ್ತಾರೆ ಅಂತ. ಮಾಡಿದ್ರಾ? ಇಂಥವರನ್ನ ನೋಡೋಕೆ ನಾನು ದಿನಾ ತಲೆ ಬಾಚ್ಕೊಂಡು ಬರ್ತಿದ್ದೆ. ಆ ಗಾಳೀಲಿ!"

ಹೇಳಿದ ಮೇಲೆ ಏನು ಹೇಳಿದೆನೆಂದು ಅವಳಿಗೆ ತಿಳಿಯಿತು. ಕಿವಿಯವರೆಗೆ ಕೆಂಪಾಯಿತು. ಅವನು ಎದ್ದು ನಿಂತ.

"ಹಾಗಾದ್ರೆ..."

"ಹಾಗಾದ್ರೆ ಇಲ್ಲ, ಹೀಗಾದ್ರೆ ಇಲ್ಲ. ನಾನು ಪ್ರಯಾಣಿಕರ ಪಟ್ಟಿ ಬರೀಬೇಕು." ಎಂದವಳೇ ಸರಸರನೆ ಹೊರಟುಹೋದಳು. ಮುಕ್ಕಾಲು ಗಂಟೆಯೂ ಪಟ್ಟಿಯಿಂದ ತಲೆಯೆತ್ತಲಿಲ್ಲ. ಅವನು ಎರಡು ಸಲ ಹತ್ತಿರ ಹೋದ. "ಟಿಕೆಟ್ ತೋರಿಸಿ," ಎಂದಳು. ತೋರಿಸಿದ. "ಸರಿ, ಹತ್ತಿ," ಎಂದಳು.

ನಾಲ್ಕಕ್ಕೆ ಅವನು ಪ್ರಯಾಣಿಕನಾಗಿ ಕಟಕಟೆಯ ಬಳಿ ನಿಂತ. ಅವಳು ಗೂಟದಿಂದ ಕುಣಿಕೆ ಬಿಡಿಸಿ ಹಗ್ಗವನ್ನು ಲಾಂಚಿಗೆ ಹಾಕಿದಳು. ನಡುವೆ ನೀರು ಒಂದು ಮಾರಾಯಿತು, ಎರಡು ಮಾರಾಯಿತು. ಆಗ ಅವಳು ತಲೆಯೆತ್ತಿದಳು.

"ಎಂಟು ದಿನ ಆದ್ಮೇಲೆ ಮೊದಲ ಲಾಂಚಿಗೆ ಬನ್ನಿ. ಒಬ್ರೇ ಬರಬೇಡಿ. ನಿಮಗಿರೋ ದೊಡ್ಡವರು ನಿಮ್ಮಕ್ಕ ಒಬ್ರೇ ತಾನೇ, ಅವರನ್ನ ಕರ್ಕೊಂಡು ಬನ್ನಿ. ಮದುವೆ ಮಾತು ದೊಡ್ಡವರಿಲ್ದೆ ಆಡಿದ್ರೆ ನಮ್ಮಮ್ಮ ಕೇಳಲ್ಲ."

ಅವನಿಗೆ ನೀರಿಗೆ ಹಾರಿಬಿಡೋಣ ಎನಿಸಿತು. "ಮುಕ್ಕಾಲು ಗಂಟೆ ಇತ್ತಲ್ರೀ! ಆವಾಗ ಹೇಳಬಾರದಿತ್ತಾ?"

"ಇತ್ತು," ಎಂದಳು ಅವಳು. ತುಟಿ ಬಿಗಿಹಿಡಿದರೂ ನಗು ಕಣ್ಣಿನಿಂದ ಸೋರುತ್ತಿತ್ತು. "ಕಾಯೋದು ಹೇಗಿರುತ್ತೆ ಅಂತ ನಿಮಗೂ ಸ್ವಲ್ಪ ಗೊತ್ತಾಗ್ಲಿ!"

ಅವನು ಏನೋ ಕೂಗಿದ. ಇಂಜಿನಿನ ಸದ್ದು ಅದನ್ನು ನುಂಗಿತು. ಅವಳು ಬೆನ್ನು ತಿರುಗಿಸಿದಳು. ಆದರೆ ಹೋಗಲಿಲ್ಲ, ಅಲ್ಲೇ ನಿಂತಳು.

ಅವನು ಫೋನ್ ತೆಗೆದು ಅಕ್ಕನಿಗೆ ಮಾಡಿದ.

"ಅಕ್ಕಾ, ನಿನಗೆ ಲಾಂಚಲ್ಲಿ ವಾಂತಿ ಬರುತ್ತಾ?"

"ಬರುತ್ತೆ. ಯಾಕೋ?"

"ಬಂದ್ರೂ ಪರವಾಗಿಲ್ಲ. ಎಂಟು ದಿನ ಇದೆ, ಮನಸ್ಸು ಗಟ್ಟಿ ಮಾಡ್ಕೋ."

ಅಕ್ಕ ತಟ್ಟನೆ ಕೇಳಿದಳು, "ಯಾರೋ ಅವಳು?"

ಅವನು ಹೇಳತೊಡಗಿದ. ಆಚೆ ದಡ ಬಂತು, ಎಲ್ಲರೂ ಇಳಿದರು, ಹಲಗೆ ತೆಗೆಯುವವನು "ಇಳೀರಿ ಸಾರ್, ಇಳೀರಿ" ಎಂದು ಎರಡು ಸಲ ಕರೆದ. ಅವನ ಮಾತು ಇನ್ನೂ ಮುಗಿದಿರಲಿಲ್ಲ.