ಟೋಕನ್ ನಂಬರ್ ನಾನೂರ ಹದಿನೇಳು

ಕಾರಿನ ಅಡಿಯಲ್ಲಿ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ ಆದಿಲಕ್ಷ್ಮಿ ಮೂರನೆಯ ನಟ್ಟಿನ ಜೊತೆ ಗುದ್ದಾಡುತ್ತಿದ್ದಳು. ಎರಡು ಬಿಚ್ಚಿ ಬಂದಿದ್ದವು. ಇದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಬಿಟ್ಟಳು, ಬೈದಳು, ಮತ್ತೆ ಸೀಮೆಎಣ್ಣೆ ಬಿಟ್ಟಳು...

"ಅಣ್ಣೋ! ಒಸಿ ಈಚೆಗ್ ಬಾರಣ್ಣ. ಪೋಸ್ಟಾಫೀಸಿಂದ ಬಂದಿವ್ನಿ!"

ಅವಳು ಸ್ಪ್ಯಾನರನ್ನು ಇನ್ನೂ ಬಿಗಿಯಾಗಿ ಒತ್ತಿದಳು. ನಟ್ಟು ಈಗ ತಾನೇ ಕೊಂಚ ಅಲುಗಿತ್ತು.

"ಯಾನಣ್ಣ, ಕಿವಿ ಕೇಳಾಕಿಲ್ವಾ? ನಾನೇನ್ ದಿನಾ ಇಲ್ಲೇ ನಿಂತ್ಕಂಡಿರ್..."

ಮಾತು ಅಲ್ಲಿಗೇ ನಿಂತುಹೋಯಿತು. ಕಾರಿನ ಹೊರಗೆ ಚಾಚಿದ್ದ ಎರಡು ಪಾದಗಳಲ್ಲಿ ಬೆಳ್ಳಿಯ ಕಾಲುಚೈನು ಹೊಳೆಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿರಬೇಕು!

ಆದಿಲಕ್ಷ್ಮಿ ಸರಿದು ಹೊರಬಂದಳು. ಮುಖದ ಅರ್ಧಕ್ಕೆ ಕಪ್ಪು ಎಣ್ಣೆ, ಸೆರಗು ಸೊಂಟಕ್ಕೆ ಸುತ್ತಿತ್ತು, ಕೈಯಲ್ಲಿ ಮೊಳದುದ್ದದ ಸ್ಪ್ಯಾನರು.

"ಅಣ್ಣ ಗಿಣ್ಣ ಯಾರೂ ಇಲ್ಲ. ಇರೋಳು ನಾನೇ. ಏನಾಗ್ಬೇಕಿತ್ತು?"

"ಅದೂ... ತಪ್ಪಾಯ್ತು. ಮೇಸ್ತ್ರಿ ಕಾರಿನಡಿ ಅವ್ರೆ ಅಂತ ರೈಲ್ವೇ ಗೇಟ್‌ನೋರು ಯೋಳಿದ್ರು."

"ಸರಿಯಾಗೇ ಯೋಳವ್ರೆ. ಮೇಸ್ತ್ರಿ ನಾನೇ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಎಷ್ಟು ಜನ ಹೀಗೆ ನಕ್ಕು ಹೋಗಿದ್ದರು! ಹೆಣ್ಣು ನೋಡಲು ಬಂದವರು ಅವಳ ಉಗುರಿನ ಸಂದಿಯ ಗ್ರೀಸು ನೋಡಿ ಕಾಫಿಯನ್ನೂ ಮುಟ್ಟದೆ ಎದ್ದಿದ್ದರು.

ಆದರೆ ಇವನ ನಗುವಿನಲ್ಲಿ ಆ ಚುಚ್ಚು ಇರಲಿಲ್ಲ... ಅದನ್ನು ಅವಳು ಆಮೇಲೆ, ಬಹಳ ದಿನಗಳ ಮೇಲೆ ನೆನೆಸಿಕೊಂಡಳು.

ಅದು ಸಾವಿರದ ಒಂಬೈನೂರ ಐವತ್ತೊಂಬತ್ತನೆಯ ಇಸವಿ, ಸಂಕ್ರಾಂತಿ ಕಳೆದ ವಾರ. ಬಂಗಾರಪೇಟೆಯ ರೈಲ್ವೇ ಗೇಟಿನ ಪಕ್ಕದ ತಗಡಿನ ಶೆಡ್ಡು ಅವಳ ತಂದೆ ಮುನಿಸ್ವಾಮಪ್ಪನದು. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ಬಿಳಿ ದೊರೆಗಳು ಊರಿಗೆ ಹೊರಟಾಗ ಬಿಟ್ಟುಹೋದ ಹಳೇ ಕಾರುಗಳಿಗೆ ಮತ್ತೆ ಜೀವ ಕೊಡುವುದೇ ಈಗ ಅವನ ಕಸುಬು. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದು ಮಂಜಾಗಿತ್ತು. ಕಣ್ಣು ಮಗಳದಾಯಿತು, ಕೈಯೂ ಮಗಳದೇ.

ಈ ಕಾರು ಕ್ರಾಫರ್ಡ್ ಎಂಬ ದೊರೆಯದು. ಈಗಿನ ಒಡೆಯ ಮರದ ವ್ಯಾಪಾರಿ ದೊಡ್ಡವೆಂಕಟಪ್ಪ. ಯುಗಾದಿಯೊಳಗೆ ಓಡಿದರೆ ಸರಿ, ಇಲ್ಲದಿದ್ದರೆ ಮದ್ರಾಸಿನ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುತ್ತೇನೆ ಎಂದು ಅವನು ಖಡಾಖಂಡಿತವಾಗಿ ಹೇಳಿದ್ದ.

ಎಲ್ಲ ಸಿದ್ಧವಾಗಿತ್ತು. ಇಲ್ಲದ್ದು ಒಂದೇ: ಕಿಡಿ ಹುಟ್ಟಿಸುವ ಮ್ಯಾಗ್ನೆಟೋವನ್ನು ತಿರುಗಿಸುವ ಅಂಗೈಯಗಲದ ಕಂಚಿನ ಹಲ್ಲುಚಕ್ರ. ಇಲ್ಲಿನ ಲೇತ್ ಯಂತ್ರದಲ್ಲಿ ಎರಡು ಸಲ ಮಾಡಿಸಿದರು. ಎರಡು ಸಲವೂ ಹಲ್ಲು ಮುರಿಯಿತು. ಕೊನೆಗೆ ಇಂಗ್ಲೆಂಡಿನಲ್ಲಿದ್ದ ದೊರೆಗೇ ಕಾಗದ ಬರೆದಿದ್ದಳು.

"ಪಾರ್ಸಲ್ ಬಂದೈತೆ," ಎಂದ ಅವನು. "ಪೋಸ್ಟ್‌ಮ್ಯಾನ್‌ಗೆ ಜ್ವರ, ಅದ್ಕೇ ಚೀಟಿ ನಾನೇ ತಂದೆ. ನಾನು ಕೋದಂಡಪ್ಪ ಅಂತ. ಅಲ್ಲಿ ಗುಮಾಸ್ತ."

ಬಂದಿದೆ! ಅವಳು ಶೆಡ್ಡಿನ ಮೂಲೆಯತ್ತ ಕೂಗಿದಳು. "ಅಪ್ಪಾ! ದೊರೆ ಕಳ್ಸವ್ರೆ!"

"ಆದ್ರೆ..." ಕೋದಂಡಪ್ಪ ಚೀಟಿಯನ್ನು ಬೆರಳುಗಳ ನಡುವೆ ತಿರುಗಿಸಿದ. "ಸುಂಕ ಆಕವ್ರೆ. ಲೈಸೆನ್ಸ್ ಇಲ್ದೆ ತರಿಸಿದ್ದಕ್ಕೆ ದಂಡಾನೂ ಐತೆ. ಎಲ್ಲ ಸೇರಿ ತೊಂಬತ್ತಾರು ರೂಪಾಯಿ."

ಆದಿಲಕ್ಷ್ಮಿ ಸ್ಪ್ಯಾನರನ್ನು ಕೆಳಗಿಟ್ಟಳು.

"ಎಷ್ಟು?!"

"ಹೊಸ ಮೋಟಾರು ಸಾಮಾನು ಅಂತ ಬರ್ದವ್ರೆ. ಐಷಾರಾಮಿ ವಸ್ತು ಅಂತ..."

"ಐಷಾರಾಮೀನಾ?" ಆದಿಲಕ್ಷ್ಮಿಯ ದನಿ ತಗಡಿಗೆ ಬಡಿದು ವಾಪಸ್ಸು ಬಂತು. "ನೋಡಿ ಸಾಮಿ, ಈ ಕೈ ನೋಡಿ! ಇದ್ರಲ್ಲಿ ಎಲ್ಲೈತೆ ಐಷಾರಾಮ? ಇಲ್ಲಿ ಯಾರೂ ಮಾಡಕ್ಕಾಗ್ದೆ ಇರೋ ಒಂದು ಚಕ್ರ. ದೊರೆ ಪುಕ್ಕಟೆ ಕೊಟ್ಟಿದ್ದು. ಅದ್ಕೆ ತೊಂಬತ್ತಾರು ರೂಪಾಯಿ! ಅಳೇದು ರಿಪೇರಿ ಮಾಡ್ಬಾರ್ದು, ಮುರ್ದು ಗುಜರಿಗಾಕ್ಬೇಕು, ಅದೇ ತಾನೇ ಸರ್ಕಾರಕ್ಕೆ ಬೇಕಾಗಿರೋದು?"

"ನಾನು ಚೀಟಿ ತಂದೋನು, ಅಷ್ಟೇ..."

"ತಂದ್ರಲ್ಲ, ಆಯ್ತು. ಒಂಟೋಗಿ."

ಮುನಿಸ್ವಾಮಪ್ಪ ತಡವರಿಸುತ್ತ ಬಂದು ಚೀಟಿ ಮುಟ್ಟಿದ ಗುರುತಿಗೆ ಸಹಿ ಮಾಡಿದ. ಗಣಿಯ ಮುದುಕರೆಲ್ಲ ಮಾಡುವಂತೆ ಹೆಸರಿನ ಮುಂದೆ ತನ್ನ ಟೋಕನ್ ನಂಬರನ್ನೂ ಬರೆದ. ನಾನೂರ ಹದಿನೇಳು. ಗಣಿಯಲ್ಲಿ ಹೆಸರಿಗಿಂತ ಆ ನಂಬರಿಗೇ ಬೆಲೆ. ರಿಟೈರಾಗಿ ಎಷ್ಟು ದಿನವಾದರೂ ಅದು ಕೈ ಬಿಟ್ಟಿರಲಿಲ್ಲ.

"ಇಪ್ಪತ್ತು ದಿನ ಇಟ್ಕಂಡಿರ್ತೀವಿ. ಆಮೇಲೆ ವಾಪಸ್ ಓಗ್ತದೆ," ಎಂದು ಕೋದಂಡಪ್ಪ ಮೆಲ್ಲಗೆ ಹೇಳಿ ಹೊರಟ.

*

ಅಂದಿನಿಂದ ಅವಳು ದಿನವೂ ಪೋಸ್ಟಾಫೀಸಿಗೆ ಹೋದಳು. ಹಣವಿರಲಿಲ್ಲ, ಸುಮ್ಮನೆ ನೋಡಿ ಬರಲು. ಕೌಂಟರಿನ ಜಾಲರಿಯಾಚೆ, ಮೇಲಿನ ಹಲಗೆಯ ಮೇಲೆ ಕಂದು ಬಣ್ಣದ ಆ ಪೊಟ್ಟಣ. ಅರಗಿನ ಮುದ್ರೆಯ ಪೊಟ್ಟಣ. ಅಷ್ಟು ಹತ್ತಿರ... ಆದರೂ ಮುಟ್ಟುವ ಹಾಗಿಲ್ಲ!

ಮೂರನೆಯ ದಿನ ಕೋದಂಡಪ್ಪ ಪೊಟ್ಟಣವನ್ನು ಕೆಳಗಿಳಿಸಿ ಜಾಲರಿಯ ಹತ್ತಿರ ಇಟ್ಟ.

"ಮುಟ್ಟೋ ಅಂಗಿಲ್ಲ. ನೋಡಕ್ಕೆ ರೂಲ್ಸು ಅಡ್ಡ ಬರಾಕಿಲ್ಲ," ಎಂದ.

ಆ ದಿನ ಅವಳಿಗೆ ನಗು ಬಂತು.

ಸಂಜೆ ತನ್ನೂರು ಬೂದಿಕೋಟೆಯ ಬಸ್ಸು ಹತ್ತುವ ಮೊದಲು ಅವನು ಶೆಡ್ಡಿಗೆ ಬರತೊಡಗಿದ. ಮುನಿಸ್ವಾಮಪ್ಪನ ಗಣಿಯ ಕಥೆ ಕೇಳುವ ನೆಪ. ಬಂದವನು ಸುಮ್ಮನೆ ಕೂರುತ್ತಿರಲಿಲ್ಲ, ಅವಳು ಕೇಳುವ ಮೊದಲೇ ಸರಿಯಾದ ಸ್ಪ್ಯಾನರು ಎತ್ತಿ ಕೊಡುತ್ತಿದ್ದ.

'ಇವ್ನು ಯಾಕಿಂಗೆ...?' ಎಂದುಕೊಳ್ಳುವಳು. ಮರುದಿನ ಗಂಟೆ ಐದಾದರೆ ಅವಳ ಕಣ್ಣು ತಾನಾಗಿ ರೈಲ್ವೇ ಗೇಟಿನ ಕಡೆ ಹೋಗುತ್ತಿತ್ತು.

ಹನ್ನೊಂದನೆಯ ದಿನ ಕೋದಂಡಪ್ಪ ಇದ್ದಕ್ಕಿದ್ದಂತೆ ಕೇಳಿದ, "ತಾತಾ, ನೀವು ಮಾಡಿದ ಸಾಮಾನಿನ ಮೇಲೂ ನಂಬರ್ ಒತ್ತುತಿದ್ರಾ?"

"ಒತ್ತದೆ? ಕೆಲ್ಸ ಕೆಟ್ರೆ ಯಾರ್ದು ಅಂತ ಗೊತ್ತಾಗ್ಬೇಕಲ್ಲಪ್ಪ!"

ಹುಡುಗನ ಮುಖ ಬದಲಾಯಿತು. ಎದ್ದು ನಿಂತ. ಹೊರಗೆ ನೀರು ಸೇದುತ್ತಿದ್ದ ಆದಿಲಕ್ಷ್ಮಿಗೆ ಒಂದು ಮಾತೂ ಹೇಳದೆ ಸರಸರನೆ ಹೊರಟುಹೋದ.

ಮರುದಿನ ಅವಳು ಕಾಲುಚೈನು ಮಾರಿ, ಉಳಿದದ್ದನ್ನು ಅವರಿವರಲ್ಲಿ ಕೂಡಿಸಿಕೊಂಡು ಪೋಸ್ಟಾಫೀಸಿಗೆ ಹೋದಳು. ಹಲಗೆ ಖಾಲಿಯಾಗಿತ್ತು.

"ಆ ಪಾರ್ಸಲ್ಲಾ? ಕೋದಂಡಪ್ಪ ಬೆಳಿಗ್ಗೇನೇ ಮದ್ರಾಸಿಗೆ ವಾಪಸ್ ಕಳಿಸ್ದ," ಎಂದ ಇನ್ನೊಬ್ಬ ಗುಮಾಸ್ತ.

ವಾಪಸ್ಸಾ? ಇನ್ನೂ ಎಂಟು ದಿನವಿತ್ತು!

ಮುಷ್ಟಿಯಲ್ಲಿದ್ದ ನೋಟುಗಳು ಬೆವರಿಗೆ ಒದ್ದೆಯಾಗಿದ್ದವು. ಒಳಗಿನಿಂದ ಕೋದಂಡಪ್ಪ ಅದೇ ಆಗ ಹೊರಬಂದ.

"ಆದಿಲಕ್ಷ್ಮಿಯೋರೆ, ನಾನ್ ಯೋಳೋದು ಒಸಿ ಕೇಳಿ..."

"ಏನ್ ಕೇಳ್ಲಿ?" ಸ್ಟಾಂಪು ಕೊಳ್ಳಲು ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿದರು. "ದಿನಾ ಬಂದು ನಮ್ಮನೇಲಿ ಕಾಫಿ ಕುಡಿದ್ರಲ್ಲ, ಆವಾಗ ಯೋಳ್ಬೇಕಿತ್ತು! ಸುಂಕದೋರು ಒಂದ್ ಕಡೆ ಕಿತ್ತು ತಿಂದ್ರು, ನೀವು ಇನ್ನೊಂದ್ ಕಡೆ. ಎಂಟು ದಿನ ಕಾಯಕ್ಕಾಗ್ಲಿಲ್ವಾ? ನಮ್ಮಪ್ಪ ಕಣ್ಣು ಕಾಣ್ದೆ ಇದ್ರೂ ಆ ಕಾರಿನ ಸದ್ದು ಒಂದ್ ಸಲ ಕೇಳ್ಬೇಕು ಅಂತ ಕೂತೈತೆ, ಅದು ನಿಮ್ಗೆ ಗೊತ್ತಿತ್ತು!"

"ನಾನು ಮಾತು ಕೊಡೋ ಅಂಗಿಲ್ಲ. ಆದ್ರೂ ಒಂದಷ್ಟು ದಿನ ತಡ್ಕಂಡ್ರೆ..."

"ತಡ್ಕಳೋದು ನಂಗೆ ಸಾಕಾಗೈತೆ!"

ಮನೆಗೆ ಬಂದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ, ಅಪ್ಪನ ಗಣಿ ನಂಬರು ಒತ್ತಿದ್ದ ಹಿತ್ತಾಳೆಯ ಟೋಕನ್ ಇರಲಿಲ್ಲ.

"ಆ ಉಡ್ಗ ಬೆಳಿಗ್ಗೆ ನೀನು ಚೌಕಕ್ಕೆ ಓದಾಗ ಬಂದು ಕೇಳ್ದ. ಕೊಟ್ಟೆ," ಎಂದ ಮುನಿಸ್ವಾಮಪ್ಪ.

"ಯಾತಕ್ಕೆ?"

"ಕೇಳ್ಲಿಲ್ಲ ಕಣಮ್ಮ. ಒಳ್ಳೇ ಉಡ್ಗ."

ಒಳ್ಳೆ ಹುಡುಗನಂತೆ! ಮೂವತ್ತು ವರ್ಷದ ದುಡಿಮೆಯಲ್ಲಿ ಅಪ್ಪನಿಗೆ ಉಳಿದಿದ್ದ ಒಂದೇ ಒಂದು ಗುರುತು! ಅಂದೇ ಕೂತು ಕೋಲಾರದ ಅಂಚೆ ಸೂಪರಿಂಟೆಂಡೆಂಟರಿಗೆ ದೂರು ಬರೆದಳು. ಅವಧಿಗೆ ಮುಂಚೆ ಪಾರ್ಸಲ್ ಹಿಂದಿರುಗಿಸಿದ, ಕುರುಡು ಮುದುಕನ ಟೋಕನ್ ಒಯ್ದ, ಕಲ್ಲು ಮನಸ್ಸಿನವನು... ಬರೆಯುತ್ತ ಕೋಪದಲ್ಲಿ ಪೆನ್ಸಿಲ್ಲಿನ ಮೊನೆ ಎರಡು ಸಲ ಮುರಿಯಿತು.

ಅಂಚೆಗೆ ಹಾಕಿ ಬಂದು ಕಾರಿನ ಅಡಿಯಲ್ಲಿ ಮಲಗಿ ಅತ್ತಳು. ಯಾಕೆ ಇಷ್ಟು ಅಳು? ಚಕ್ರ ಹೋದದ್ದಕ್ಕಾ? ಅಥವಾ... ಆ ಪ್ರಶ್ನೆಯನ್ನು ಅಲ್ಲಿಗೇ ತಡೆದಳು.

*

ಯುಗಾದಿಗೆ ಆರು ದಿನವಿದ್ದಾಗ ಪೋಸ್ಟ್‌ಮ್ಯಾನ್ ಬಂದ. ಅವನ ಕೈಯಲ್ಲಿ ಅದೇ ಕಂದು ಪೊಟ್ಟಣ!

"ಸುಂಕ ವಜಾ ಆಗೈತೆ ಕಣಮ್ಮ. ಸಹಿ ಮಾಡು."

ಅರಗಿನ ಮುದ್ರೆ ಒಡೆದು ಬಿಚ್ಚಿದಳು. ಮೊದಲು ಹೊರಬಿದ್ದದ್ದು ಅಪ್ಪನ ಟೋಕನ್. ಅದಕ್ಕೆ ಕಟ್ಟಿದ್ದ ಕಾಗದದಲ್ಲಿ ಕೋದಂಡಪ್ಪನ ದುಂಡನೆಯ ಅಕ್ಷರ. ಮದ್ರಾಸಿನ ಸುಂಕದ ಸಾಹೇಬರಿಗೆ ಅವನು ಬರೆದ ಅರ್ಜಿಯ ಪ್ರತಿ ಅದು.

ಪಾರ್ಸಲಿನ ಜೊತೆಗಿನ ತಮ್ಮ ಸುಂಕದ ಕಾಗದದಲ್ಲಿ ಕಾಣಿಸಿರುವ, ಚಕ್ರದ ಮೇಲಿನ ೪೧೭ ಎಂಬ ಅಂಕಿಯನ್ನು ತಾವು ಇಂಗ್ಲೆಂಡಿನ ಕಾರ್ಖಾನೆಯ ನಂಬರೆಂದು ತಿಳಿದು, ಹೊಸ ಪರದೇಶಿ ಸಾಮಾನೆಂದು ಸುಂಕ ಹಾಕಿದ್ದೀರಿ. ಅದು ಕಾರ್ಖಾನೆಯ ನಂಬರಲ್ಲ. ಕೋಲಾರ ಚಿನ್ನದ ಗಣಿಯ ಫಿಟ್ಟರ್ ಮುನಿಸ್ವಾಮಪ್ಪನ ಟೋಕನ್ ನಂಬರು. ಸಾಕ್ಷಿಗೆ ಅವನ ಟೋಕನ್ ಇಟ್ಟಿದ್ದೇನೆ, ಅಂಕಿಗಳ ಅಚ್ಚು ಹೋಲಿಸಿ ನೋಡಬೇಕು. ಈ ನಾಡಿನಲ್ಲೇ ಹುಟ್ಟಿದ ವಸ್ತು ತನ್ನ ಮನೆಗೆ ಮರಳುವಾಗ ಅದಕ್ಕೆ ಸುಂಕ ಕೇಳುವುದು ಯಾವ ನ್ಯಾಯ?

ಆದಿಲಕ್ಷ್ಮಿಗೆ ಅಕ್ಷರಗಳು ಕಲಸಿಹೋದವು. ಚಕ್ರವನ್ನು ಅಪ್ಪನ ಅಂಗೈಯಲ್ಲಿಟ್ಟಳು.

ಮುನಿಸ್ವಾಮಪ್ಪನ ಹೆಬ್ಬೆರಳು ಹಲ್ಲುಗಳ ಮೇಲೆ ಒಂದು ಸುತ್ತು ಬಂತು. ಅಂಕಿಗಳ ಹತ್ತಿರ ನಿಂತಿತು.

"ಇದು... ಇದು ನಂದು ಕಣೇ ಆದೀ!" ಮುದುಕ ಅಂಕಿಗಳನ್ನು ಮತ್ತೊಮ್ಮೆ ಸವರಿದ. "ಒಂದು ಕಾರಿಗಾಕಿ, ಇನ್ನೊಂದು ಇರ್ಲಿ ಅಂತ ದೊರೆ ಕೈಗೆ ಕೊಟ್ಟಿದ್ದೆ. ಅಷ್ಟು ದೂರ ತಕ್ಕೊಂಡೋಗಿ ಮಡಗಿದ್ನೇ ಪುಣ್ಯಾತ್ಮ!"

"ಕೋದಂಡಪ್ಪನೋರು ಆಫೀಸಲ್ಲವ್ರಾ?" ಅವಳು ಪೋಸ್ಟ್‌ಮ್ಯಾನನ್ನು ಕೇಳಿದಳು.

"ಎಲ್ಲಿ? ಯಾರೋ ದೂರು ಆಕಿದ್ರಂತೆ. ಮೇಲಿನೋರನ್ನ ಕೇಳ್ದೆ ಅರ್ಜಿ ಕಳ್ಸಿದ್ದೂ ಸೇರ್ಕಂಡು, ಹದಿನೈದು ದಿನ ಆಯ್ತು ಕಾಮಸಮುದ್ರಕ್ಕೆ ಎತ್ತಾಕಿ. ಬಡ್ತಿನೂ ಓಯ್ತು ಪಾಪ."

ಅವಳು ಕೋದಂಡಪ್ಪನ ಅಕ್ಷರಗಳನ್ನು ಮತ್ತೆ ನೋಡಿದಳು. ಸುಂಕದವರು ಸಾಮಾನು ನೋಡಿದರು, ಮನುಷ್ಯನನ್ನು ನೋಡಲಿಲ್ಲ ಎಂದು ಬೆಂಕಿಯಾಗಿದ್ದೆನಲ್ಲ... ನಾನು ಮಾತ್ರ ನೋಡಿದ್ದೆನಾ?

*

ನಾಲ್ಕನೆಯ ದಿನ ಕಾರು ಕೆಮ್ಮಿತು, ಗುಡುಗಿತು, ಆಮೇಲೆ ಒಂದೇ ಸಮನೆ ಗುಂಯ್‌ಗುಡತೊಡಗಿತು. ಮುನಿಸ್ವಾಮಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ಮಗುವಿನ ಹಾಗೆ ನಕ್ಕ.

"ದೊಡ್ಡವೆಂಕಟಪ್ಪನ ಕೈಗೆ ಕೊಡೋ ಮುಂಚೆ ಒಂದತ್ತು ಮೈಲಿ ಓಡ್ಸಿ ನೋಡ್ಬೇಕು. ಎತ್ಲಾಗ್ ಓಗಾಣ?"

"ಕಾಮಸಮುದ್ರಕ್ಕೆ," ಎಂದಳು ಆದಿಲಕ್ಷ್ಮಿ.

"ಊಂ... ಆ ರಸ್ತೇಲಿ ಗುಂಡಿ ಜಾಸ್ತಿ," ಎಂದ ಮುದುಕ. ಎಂದವನು ಮೀಸೆಯಡಿ ನಕ್ಕಿದ್ದು ಅವಳಿಗೆ ಕಾಣಿಸಿತು.

ಕಾಮಸಮುದ್ರದ ಅಂಚೆ ಕಚೇರಿ ಒಂದೇ ಕೋಣೆಯದು. ಸದ್ದಿಗೆ ಅರ್ಧ ಊರು ಓಡಿಬಂತು. ಬಾಗಿಲಿಗೆ ಬಂದ ಕೋದಂಡಪ್ಪ, ಕೈಯಲ್ಲಿ ಮುದ್ರೆ ಹಿಡಿದವನು ಹಾಗೇ ನಿಂತುಬಿಟ್ಟ.

"ಓಡ್ತಾ ಐತೆ!" ಎಂದ.

ಅವಳು ಇಳಿದು ಬಂದು ಅವನ ಎದುರು ತಲೆ ತಗ್ಗಿಸಿ ನಿಂತಳು.

"ಆ ದೂರು ಬರ್ದೋಳು... ನಾನೇ."

"ಗೊತ್ತು. ಸೂಪರಿಂಟೆಂಡೆಂಟರು ತೋರ್ಸಿದ್ರು. ಕಾಗ್ದದ ಮೂಲೇಲಿ ಗ್ರೀಸಿನ ಎಬ್ಬೆಟ್ಟು ಇತ್ತು."

"ಗೊತ್ತಿದ್ದೂ ಸುಮ್ನಿದ್ರಾ? ಟೋಕನ್ ಯಾತಕ್ಕೆ ಅಂತ ಆವತ್ತೇ ಯೋಳಿದ್ರೆ ನಾನು..."

"ಮದ್ರಾಸಿನೋರು ಆಗಲ್ಲ ಅಂದಿದ್ರೆ? ಆಸೆ ಉಟ್ಸಿ ತಾತನ್ನ ಇನ್ನೊಂದ್ಸಲ ಕೆಡವೋಕೆ ಮನಸ್ಸು ಬರ್ಲಿಲ್ಲ." ಅವನು ಮುದ್ರೆಯನ್ನು ಕೈಯಿಂದ ಕೈಗೆ ಬದಲಿಸಿದ. "ದೂರಲ್ಲಿ ಬರ್ದಿದ್ದು ಮಿಕ್ಕಿದ್ದೆಲ್ಲ ಒಪ್ಕೊಂಡೆ. ಒಂದು ಮಾತು ಮಾತ್ರ ಒಪ್ಲಿಲ್ಲ."

"ಯಾವ್ದು?"

"ಕಲ್ಲು ಮನಸ್ಸಿನೋನು ಅಂದಿದ್ದು. ಕಾರಿನಡಿಯಿಂದ ಎದ್ದು ಬಂದು ಮೇಸ್ತ್ರಿ ನಾನೇ ಅಂದ್ರಲ್ಲ... ಅವತ್ತಿಂದ ಈ ಮನಸ್ಸು ನನ್ ಮಾತು ಕೇಳ್ತಿಲ್ಲ ಆದಿಲಕ್ಷ್ಮಿ."

ಹೆಸರಿನ ಮುಂದೆ 'ಅವರೇ' ಇರಲಿಲ್ಲ. ಅವಳ ಕಣ್ಣು ತುಂಬಿತು. ಅವನ ದೃಷ್ಟಿ ಅವಳ ಬರಿಗಾಲಿನ ಮೇಲೆ ನಿಂತಿತು.

"ಕಾಲುಚೈನು ಎಲ್ಲಿ?"

"ಸುಂಕಕ್ಕೆ ಅಂತ ಮಾರ್ದೆ. ನೀವು ಸುಂಕಾನೇ ಇಲ್ದಂಗೆ ಮಾಡಿದ್ರಿ."

"ಮತ್ತೆ ಮಾಡ್ಸೋಣ," ಎಂದ ಕೋದಂಡಪ್ಪ. "ಇಬ್ರೂ ಸೇರಿ. ನಿಮ್ಗೆ ಒಪ್ಗೆ ಇದ್ರೆ..."

"ಈ ಕೈ ನೋಡಿದೀರಾ? ಎಷ್ಟು ಉಜ್ಜಿದ್ರೂ ಗ್ರೀಸು ಓಗಲ್ಲ."

"ಗುರುತು ಇರ್ಲಿ. ಕೆಲ್ಸ ಯಾರ್ದು ಅಂತ ಗೊತ್ತಾಗ್ಬೇಕಲ್ಲ!"

ಅವಳು ನಕ್ಕಳು. ಕಣ್ಣೀರಿನ ಜೊತೆಗೇ ನಕ್ಕಳು. ಕಾರಿನೊಳಗಿಂದ ಮುನಿಸ್ವಾಮಪ್ಪ ಹಾರನ್ನು ಒತ್ತಿದ. "ಇಂಜಿನ್ ಬಿಸಿಯಾಯ್ತು ಕಣಮ್ಮೋ!"

"ಉತ್ತರ?" ಎಂದ ಅವನು ಮೆಲ್ಲಗೆ.

"ಕೊಡ್ತೀನಿ. ಅದ್ಕೆ ಮುಂಚೆ ನಂದೊಂದು ಕೆಲ್ಸ ಬಾಕಿ ಐತೆ."

"ಏನದು?"

ಅವಳು ಆಗಲೇ ಕಾರಿನ ಕಡೆ ಹೊರಟಿದ್ದಳು.

ಹಿಂದಿರುಗುವಾಗ ರಸ್ತೆಯ ಎರಡು ಕಡೆಯೂ ಹುಣಸೆ ಮರಗಳು ಚಿಗುರಿದ್ದವು. ಅಪ್ಪ ಸೀಟಿಗೆ ಒರಗಿ ಇಂಜಿನ್ನಿನ ಸದ್ದು ಕೇಳುತ್ತ ಕಣ್ಣು ಮುಚ್ಚಿದ್ದ.

"ಏನ್ ಯೋಚ್ನೆ ಮಾಡ್ತಿದ್ಯಮ್ಮ?"

"ಏನಿಲ್ಲಪ್ಪ. ಬ್ರೇಕು ಒಸಿ ಬಿಗಿ ಮಾಡ್ಬೇಕು."

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಕೋಲಾರಕ್ಕೆ ಹೋಗುವುದು. ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತು, ಈ ದೂರು ಬರೆದವಳು ನಾನು, ಬರೆದದ್ದು ತಪ್ಪು ಎಂದು ಎಲ್ಲರ ಎದುರು ಹೇಳುವುದು. ಅವರು ನಗಲಿ, ಬೈಯಲಿ. ಅವನ ಬಡ್ತಿ ಹಿಂದಕ್ಕೆ ಬರುವವರೆಗೂ ಅಲ್ಲಿಂದ ಕದಲಬಾರದು. ಅವನಿಗೆ ಉತ್ತರ ಕೊಡುವುದೇನಿದ್ದರೂ ಆಮೇಲೆ.

ಅವಳು ಗೇರು ಬದಲಿಸಿದಳು. ಅಪ್ಪನ ಹಲ್ಲುಚಕ್ರ ಒಳಗೆ ಸದ್ದಿಲ್ಲದೆ ತಿರುಗುತ್ತಿತ್ತು.