ರೈಸುಯಿ ಮ್ಯೂಸಿಯಂನ ಬೆಳ್ಳಕ್ಕಿ

ಚಾಕುವಿನ ತುದಿ ನನ್ನ ಗಂಟಲಿಗೆ ತಾಗಿತ್ತು.

ಅದೂ ಎಂಥ ಚಾಕು! ಮಹಾನ್ ಕಲಾವಿದ ಮಿಕುರ ರೈಸುಯಿ ನಲವತ್ತು ವರ್ಷ ಮರದಚ್ಚು ಕೆತ್ತಿದ ಚಾಕು. ಗಾಜಿನ ಪೆಟ್ಟಿಗೆ ಒಡೆದು ತೆಗೆದದ್ದು. ಸತ್ತರೆ ಇಷ್ಟು ಕಲಾತ್ಮಕವಾಗಿ ಸಾಯಬೇಕು, ಅಲ್ಲವೇ?

"ಅಲ್ಲಾಡಿದ್ರೆ ಗಂಟಲಲ್ಲೇ ಚಿತ್ರ ಕೆತ್ತಿಬಿಡ್ತೀನಿ, ಓಗುಶಿ!"

ಹಾಗೆಂದವನು ವಕುಯಿ. ಚಿತ್ರ ಕದ್ದು ಸಿರಿವಂತರ ಗೋಡೆಗೆ ತಲುಪಿಸುವುದು ಅವನ ಕಸುಬು. ವಾಪಸು ತರುವುದು ನನ್ನ ಕಸುಬು. ಹಳೆಯ ಸ್ನೇಹ!

"ಅಚ್ಚನ್ನ ಉಲ್ಟಾ ಕೆತ್ಬೇಕು ಕಣೋ. ನಿಂಗೆ ನೆಟ್ಟಗೆ ಕೆತ್ತೋಕೂ ಬರಲ್ಲ" ಎಂದೆ.

ಅವನ ಕಂಕುಳಲ್ಲಿ ರಟ್ಟಿನ ಫೈಲು. ಒಳಗೆ 'ಹಿಮದಲ್ಲಿ ಬೆಳ್ಳಕ್ಕಿ'. ಅಚ್ಚಿನ ಹಲಗೆಗಳು ಯುದ್ಧದಲ್ಲಿ ಸುಟ್ಟ ಮೇಲೆ ಉಳಿದ ಒಂದೇ ಪ್ರತಿ. ನಾಗಾನೊ ಬೆಟ್ಟಗಳ ಈ ಪುಟ್ಟ ಊರಿಗೆ ಜನ ರೈಲು ಹತ್ತಿ ಬರುವುದೇ ಅದಕ್ಕಾಗಿ. ಅದು ಹೋಯಿತೋ, ಮ್ಯೂಸಿಯಂಗೆ ಬೀಗ!

"ಏನಯ್ಯಾ! ಮುಟ್ಟಬೇಡಿ ಅಂತ ಬೋರ್ಡ್ ಹಾಕಿಲ್ವಾ?"

ಬಾಗಿಲಲ್ಲಿ ತೊಮಿಎ-ಸಾನ್. ರೈಸುಯಿಯ ಮೊಮ್ಮಗಳು. ವಯಸ್ಸು ಎಪ್ಪತ್ತೆಂಟು. ಮ್ಯೂಸಿಯಂನ ಒಡತಿಯೂ ಅವರೇ, ಕಸ ಗುಡಿಸುವವರೂ ಅವರೇ.

"ಕ್ಷಮಿಸಿ ಅಮ್ಮಾ..." ವಕುಯಿ ತಲೆ ಬಾಗಿಸಿಯೇ ಬಿಟ್ಟ!

ಅಷ್ಟು ಸಾಕಾಯಿತು. ನನ್ನ ಮೊಣಕೈ ಅವನ ಪಕ್ಕೆಗೆ. ಚಾಕು ನೆಲಕ್ಕೆ. ಅವನ ಮೊಣಕಾಲು ನನ್ನ ಹೊಟ್ಟೆಗೆ...

ಓಡಿದ!

ಕಾರಿಡಾರ್. ತಿರುವು. ಇನ್ನೊಂದು ಕಾರಿಡಾರ್. ಕೊನೆಯಲ್ಲಿ ರೈಸುಯಿಯ ಕೆಲಸದ ಕೋಣೆ. ಅದರಾಚೆ ತೋಟ. ತೋಟದಾಚೆ ಅವನ ಕಾರು.

ನಾನು ಹತ್ತು ಹೆಜ್ಜೆ ಹಿಂದೆ. ಐವತ್ತರ ಮೊಣಕಾಲು, ಸಿಗರೇಟಿನ ಎದೆ... ಕತೆ ಮುಗಿಯಿತು ಅಂದುಕೊಂಡೆ.

ಹೊಸ್ತಿಲಲ್ಲಿ ವಕುಯಿ ಗಕ್ಕನೆ ನಿಂತ.

ಕೋಣೆಯ ತುಂಬ ತತಾಮಿ ಚಾಪೆ. ಅದರ ಮೇಲೆ ಚಪ್ಪಲಿ ಕಾಲಿಡುವಷ್ಟು ಕೆಟ್ಟವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಒಳಗೆ ಓಡಾಡಲು ಮ್ಯೂಸಿಯಂ ಕೊಟ್ಟ ಹಸಿರು ಚಪ್ಪಲಿ ಕಳಚಿದ. ಅಷ್ಟಕ್ಕೇ ಬಿಟ್ಟನೇ? ಬಗ್ಗಿದ! ಜೋಡಿಸಿದ! ಮೂತಿ ಹೊರಕ್ಕೆ ತಿರುಗಿಸಿಟ್ಟ! ತಾಯಿ ಚೆನ್ನಾಗಿ ಬೆಳೆಸಿದ್ದಳು.

ನಾನು ಹಾರಿದೆ. ಇಬ್ಬರೂ ಚಾಪೆಯ ಮೇಲೆ ದೊಪ್ಪನೆ ಬಿದ್ದೆವು. ಅವನ ಕೈ ಬೆನ್ನಿಗೆ ತಿರುಚಿದೆ.

"ನೀನು... ಚಪ್ಪಲಿ ಹಾಕ್ಕೊಂಡೇ ಬಂದ್ಯೇನೋ!" ಎಂದು ಚೀರಿದ.

ನೋವಿಗಲ್ಲ. ಅಸಹ್ಯಕ್ಕೆ!

ತೊಮಿಎ-ಸಾನ್ ಏದುಸಿರು ಬಿಡುತ್ತ ಬಂದರು. ಫೈಲು ಬಿಚ್ಚಿದರು. ಬೆಳ್ಳಕ್ಕಿಯನ್ನು ನೋಡಲಿಲ್ಲ. ಕಾಗದ ಮಗುಚಿ ಅದರ ಬೆನ್ನು ನೋಡಿದರು. ಅಚ್ಚೊತ್ತುವಾಗ ಕೈ ಉಜ್ಜಿದ ಸುರುಳಿ ಗುರುತುಗಳು.

"ತಾತನ ಕೈಯೇ. ಒಂದು ಮಡಿಕೆಯೂ ಬಿದ್ದಿಲ್ಲ" ಎಂದು ಕಣ್ಣೊರೆಸಿಕೊಂಡರು.

ನಾನು ಮೆಚ್ಚುಗೆಯ ಮಾತಿಗೆ ಕಾದೆ. ಅವರು ನನ್ನ ಕಾಲು ನೋಡಿದರು.

ಪೊಲೀಸರು ಬರುವಷ್ಟರಲ್ಲಿ ಕಳ್ಳನಿಗೆ ಬಿಸಿ ಚಹಾ ಸಿಕ್ಕಿತ್ತು. ನನಗೆ, ಚಾಪೆ ಒರೆಸುವ ಬಟ್ಟೆ!